ಸೇಹಾದಿಂದ ಚಾಸ್ಕಿಪಾಂಪಾವರೆಗೆ ಬೆನಿತಾಳ ಕೂಗು

ಬೆನಿತಾ ಪೋಮಾಳ ಗಂಟಲು ಎಂಥದ್ದೆಂದು ಲಾ ಪಾಸಿನಲ್ಲಿ ಮಿನಿಬಸ್ಸು ಹತ್ತುವ ಯಾರನ್ನು ಬೇಕಾದರೂ ಕೇಳಿ. ಬಸ್ಸು ಇನ್ನೂ ತಿರುವಿನ ಆಚೆಗಿರುವಾಗಲೇ ಅವಳ ದನಿ ಈಚೆ ಬಂದು ನಿಂತಿರುತ್ತದೆ. "ಪೆರೆಸ್, ಪ್ರಾದೊ, ಸೋಪೊಕಾಚಿ, ಸಾನ್ ಹೋರ್ಹೆ! ಒಬ್ರಾಹೆಸ್, ಕಾಲಾಕೋತೊ, ಕೋತಾ ಕೋತಾ, ಚಾಸ್ಕಿಪಾಂಪಾಆಆ!" ದಾರಿಯ ಅಷ್ಟೂ ಬಡಾವಣೆಗಳು ಒಂದೇ ಉಸಿರಿನಲ್ಲಿ. ಒಂದು ಕೈ ಬಾಗಿಲಿನ ಸರಳಿನ ಮೇಲೆ, ಇನ್ನೊಂದು ಕೈ ಹತ್ತುವವರ ರಟ್ಟೆಯ ಮೇಲೆ. ನೆರಿಗೆಯ ದಪ್ಪ ಲಂಗ ಬಾಗಿಲಿಗೆ ಸಿಕ್ಕದಂತೆ ಮೊಣಕಾಲುಗಳ ನಡುವೆ ಒತ್ತಿಕೊಂಡಿರುತ್ತಾಳೆ. ತಲೆಯ ಮೇಲಿನ ಗುಂಡು ಟೋಪಿ ಅಷ್ಟು ಗಾಳಿಯಲ್ಲೂ ಹಾರಿಹೋಗುವುದಿಲ್ಲ. ಅದು ಹೇಗೆಂದು ಕೇಳಿದರೆ ನಮ್ಮ ಹೆಂಗಸರು ನಗುತ್ತಾರೆಯೇ ಹೊರತು ಗುಟ್ಟು ಬಿಡುವುದಿಲ್ಲ.

ಕೂಗುವುದೇನು ಮಹಾ ವಿದ್ಯೆ ಎಂದು ಮೂಗು ಮುರಿಯುವವರು ಒಂದು ದಿನ ಆ ಬಾಗಿಲಲ್ಲಿ ನಿಂತು ನೋಡಲಿ. ಬೇರೆ ಊರುಗಳಲ್ಲಿ ಸಾಹುಕಾರರು ಗುಡ್ಡದ ಮೇಲೆ ಮನೆ ಕಟ್ಟಿಕೊಂಡು ಬಡವರನ್ನು ಬಗ್ಗಿ ನೋಡುತ್ತಾರಂತೆ. ನಮ್ಮಲ್ಲಿ ಎಲ್ಲ ತಿರುಗುಮುರುಗು. ಬಡವರು ಮೇಲೆ, ಬಸ್ಸು ಹೊರಡುವ ಸೇಹಾದ ಅಂಚಿನಲ್ಲಿ, ಉಸಿರಿಗೂ ಬರ, ಚಳಿ ಮಾತ್ರ ಧಾರಾಳ. ಕೆಳಗಿಳಿದಷ್ಟೂ ಗಾಳಿ ಬೆಚ್ಚಗೆ, ಮರ ದಟ್ಟ, ಮನೆಯ ಗೇಟು ಎತ್ತರ. ಪೆರೆಸ್‌ನಲ್ಲಿ ಮೂಟೆ ಹೊತ್ತವರು ಇಳಿಯುತ್ತಾರೆ, ಪ್ರಾದೊದಲ್ಲಿ ಕಚೇರಿಯವರು, ಸೋಪೊಕಾಚಿಯಲ್ಲಿ ಗಡ್ಡ ಬಿಟ್ಟವರು, ಕಾಲಾಕೋತೊದಲ್ಲಿ ಅಡುಗೆಗೆ, ತೋಟಕ್ಕೆ, ಮಗು ನೋಡಿಕೊಳ್ಳುವುದಕ್ಕೆ ಹೋಗುವವರು. ಬಸ್ಸಿನಲ್ಲಿ ಕೂತವರ ಚಪ್ಪಲಿ ನೋಡಿದರೆ ಸಾಕು, ಯಾರು ಎಲ್ಲಿ ಇಳಿಯುತ್ತಾರೆಂದು ಬೆನಿತಾಗೆ ತಿಳಿಯುತ್ತಿತ್ತು.

ಆದರೆ ಹೋದ ವರ್ಷದಿಂದ ಅವಳು ಕೂಗುತ್ತಿದ್ದದ್ದು ಈ ಜನಕ್ಕಾಗಿ ಅಲ್ಲ. ಡ್ರೈವರಿಗಾಗಿ.

ಡ್ರೈವರು ಅವಳ ಗಂಡ, ಇಲಾರಿಯೊ ತಂಕಾರ. ಮೀಸೆ ಚಿಗುರುವ ಕಾಲದಿಂದ ಸ್ಟೇರಿಂಗು ಹಿಡಿದವನು. ಅವನ ಕೈಯ ಹಿಡಿತ ಎಷ್ಟು ನಯವೆಂದರೆ, ಕಡಿದಾದ ಇಳಿಜಾರಿನಲ್ಲಿ ಬಿಸಿ ಬಿಸಿ ಜೋಳದ ಗಂಜಿ ಆಪಿಯ ಲೋಟ ಹಿಡಿದು ಕೂತ ಹೆಂಗಸಿನ ಮಡಿಲಿಗೆ ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ. ಜನ ಅವನನ್ನು ಬಾಯ್ತುಂಬ 'ಮೇಸ್ತ್ರಿ' ಎನ್ನುತ್ತಿದ್ದರು. ಊರಿನ ಮೇಲೆ ತಂತಿಯ ತೊಟ್ಟಿಲುಗಳು ಓಡತೊಡಗಿ ಅರ್ಧ ಜನ ಆಕಾಶದಲ್ಲೇ ಹೋಗಿಬರುವಂತಾದಾಗ, ಕೂಗುವುದಕ್ಕೆ ಬೇರೆ ಆಳನ್ನು ಇಟ್ಟುಕೊಳ್ಳುವುದು ಕಷ್ಟವಾಯಿತು. ಮಾರುಕಟ್ಟೆಯಲ್ಲಿ ಆಲೂಗಡ್ಡೆ ಮಾರುತ್ತಿದ್ದ ಬೆನಿತಾ ಬಂದು ಬಾಗಿಲಿಗೆ ನಿಂತಳು. "ಮನೇಲಿ ಕೂಗೋದು ಸಾಲದು ಅಂತ ಬಸ್ಸಲ್ಲೂ ಕರ್ಕೊಂಡ್ ಬಂದ್ಯಾ?" ಎಂದು ಬೇರೆ ಡ್ರೈವರುಗಳು ಅವನನ್ನು ಆಡಿಕೊಂಡಿದ್ದರು.

ಮೊದಲ ಸಲ ಅದು ಆದದ್ದು ಸೋಪೊಕಾಚಿಯ ತಿರುವಿನಲ್ಲಿ. ಬೆನಿತಾ ಯಾರಿಗೋ ಚಿಲ್ಲರೆ ಕೊಡುತ್ತಿದ್ದಳು. ಇಲಾರಿಯೊ ಬಸ್ಸು ನಿಲ್ಲಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಸಲೀಸಾಗಿ ಕೇಳಿದ: "ಯಾವ ಕಡೆಗೇ?"

"ಕುಡಿದಿದ್ದೀಯೇನೋ ಬೆಳಿಗ್ಗೆ ಬೆಳಿಗ್ಗೆ?"

"ತಮಾಷೆ ಮಾಡ್ದೆ ಕಣೇ," ಎಂದು ನಕ್ಕ. ಆದರೆ ಅವಳು "ಸಾನ್ ಹೋರ್ಹೆ" ಎಂದು ಕೂಗುವವರೆಗೂ ಸ್ಟೇರಿಂಗು ತಿರುಗಿಸಲಿಲ್ಲ.

ಆಮೇಲೆ ಅವಳು ಗಮನಿಸಿದಳು. ಹೆಸರು ಕಿವಿಗೆ ಬಿದ್ದರೆ ಅವನ ಕೈ ತಾನಾಗಿ ತಿರುಗುತ್ತಿತ್ತು. ಬೀಳದಿದ್ದರೆ ಅವನು ದಾರಿಯನ್ನು ಅತ್ತೆಮನೆಗೆ ಬಂದ ಹೊಸ ಅಳಿಯನ ಹಾಗೆ ಮಿಕಿಮಿಕಿ ನೋಡುತ್ತಿದ್ದ. ಅಂದಿನಿಂದ ಅವಳು ತಿರುವು ಬರುವ ಮೊದಲೇ ಕೂಗತೊಡಗಿದಳು. ಜನವಿಲ್ಲದ ಕಡೆಯೂ ಕೂಗಿದಳು. ಬಸ್ಸು ಭರ್ತಿಯಾಗಿ ಕಾಲಿಡಲು ಜಾಗವಿಲ್ಲದಾಗಲೂ ಕೂಗಿದಳು. "ಅಕ್ಕಾ, ಇನ್ನು ಯಾರನ್ನ ತುಂಬ್ಕೋತೀಯ, ನಮ್ಮ ತಲೆ ಮೇಲೆ ಕೂರಿಸ್ತೀಯ?" ಎಂದು ಜನ ರೇಗಿದರು. "ಅಭ್ಯಾಸ ಬಲ ಕಣಪ್ಪ," ಎಂದು ನಕ್ಕು ಮತ್ತೆ ಕೂಗಿದಳು. ಗಂಡನ ಮುಂದೆ ಒಂದು ಮಾತೂ ಆಡಲಿಲ್ಲ. ಆಡಿದರೆ ಅವನ ಮುಖ ಹೇಗಾದೀತೆಂದು ನೆನೆದೇ ಅವಳಿಗೆ ಭಯವಾಗುತ್ತಿತ್ತು.

ಒಂದು ಬೆಳಿಗ್ಗೆ ಪೆರೆಸ್‌ನಲ್ಲಿ ಪರದೇಶದ ಹುಡುಗನೊಬ್ಬ ಹತ್ತಿದ. ಬೆನ್ನ ಮೇಲೆ ಮನೆಯಷ್ಟು ದೊಡ್ಡ ಚೀಲ, ಬಿಸಿಲಿಗೆ ಕೆಂಪಾದ ಮೂಗು. ಡ್ರೈವರಿನ ಪಕ್ಕದಲ್ಲೇ ಕೂತು, ಮುರುಕು ಸ್ಪಾನಿಷಿನಲ್ಲಿ ಕೇಳಿದ: "ಮೇಸ್ತ್ರಿ, ಈ ಊರಲ್ಲಿ ಯಾವ ಬಡಾವಣೆ ಹೇಗಿದೆ? ನಾನು ಎಲ್ಲೆಲ್ಲಿ ನೋಡ್ಬೇಕು?"

ಬೆನಿತಾ ಚಿಲ್ಲರೆ ಎಣಿಸುವುದನ್ನು ಬಿಟ್ಟು ಇತ್ತ ತಿರುಗಿದಳು. ಇಲಾರಿಯೊ ಮಾತ್ರ ಅರಳಿಬಿಟ್ಟ. ಇಂಥ ಪ್ರಶ್ನೆಗೇ ಕಾದು ಕೂತಿದ್ದವನಂತೆ ಶುರುಮಾಡಿದ. "ಇದು ಪ್ರಾದೊ. ಸಂಜೆ ಹೊತ್ತು ಇಲ್ಲಿ ಹೊಸ ಬೂಟು ಹಾಕ್ಕೊಂಡು ಓಡಾಡ್ಬೇಕು, ಹಳೇ ಬೂಟಿನವರ ಕಡೆ ಹುಡುಗೀರು ತಿರುಗಿಯೂ ನೋಡಲ್ಲ. ಸೋಪೊಕಾಚೀಲಿ ಎಲ್ಲರ ಮನೇಲೂ ಪಿಯಾನೊ. ಅವರು ನುಡಿಸ್ತಿರ್ಬೇಕಾದ್ರೆ ನಮ್ಮಮ್ಮ ಅದೇ ಮನೆ ಹಿತ್ತಲಲ್ಲಿ ಬಟ್ಟೆ ಒಗೀತಿರ್ತಾಳೆ, ತಾಳ ತಪ್ಪಲ್ಲ. ಕಾಲಾಕೋತೊ ಅಂದ್ರೆ ಬರೀ ತೋಟ ಕಣಪ್ಪ. ಪೀಚ್ ಹಣ್ಣು, ಪೇರ್ ಹಣ್ಣು. ಭಾನುವಾರ ಹೋಗಿ ಮರದ ಕೆಳಗೆ ಮಲ್ಕೋ, ಬಾಯಿ ತೆರೆದಿದ್ರೆ ಹಣ್ಣು ತಾನೇ ಬೀಳತ್ತೆ. ತೋಟದವನು ನಾಯಿ ಬಿಟ್ರೆ ಮಾತ್ರ ಓಡು. ಕೋತಾ ಕೋತಾದಲ್ಲಿ ಬಾರ್ಲಿ ಹೊಲ. ಚಾಸ್ಕಿಪಾಂಪಾದಲ್ಲಿ ಏನೂ ಇಲ್ಲ, ಗಾಳಿ ಅಷ್ಟೇ. ಅಲ್ಲಿಗೆ ಯಾಕೆ ಹೋಗ್ತೀಯ?"

ಹುಡುಗ ಫೋನು ಎದುರಿಗೆ ಹಿಡಿದು ಎಲ್ಲ ತುಂಬಿಕೊಂಡ. ಹಿಂದೆ ಕೂತವರು ಬಿದ್ದು ಬಿದ್ದು ನಕ್ಕರು. ಅವರಿಗೆ ಇದು ಮೇಸ್ತ್ರಿ ಪರದೇಶಿಯ ಕಾಲೆಳೆಯುವ ಆಟ. ಬೆನಿತಾ ಒಬ್ಬಳೇ ನಗಲಿಲ್ಲ. ಅವನು 'ಒಗೀತಿದ್ದಳು' ಎನ್ನಲಿಲ್ಲ, 'ಒಗೀತಿರ್ತಾಳೆ' ಎಂದ. ಅತ್ತೆ ಸತ್ತು ಯಾವ ಕಾಲವಾಯಿತು!

ಕಾಲಾಕೋತೊ ಬಂತು. ಆಳೆತ್ತರದ ಗಾಜು, ಅದರ ಮೇಲೆ ಇನ್ನಷ್ಟು ಗಾಜು, ಕಾರಿನ ಅಂಗಡಿ, ಬ್ಯಾಂಕು. ಹುಡುಗ ಸುತ್ತ ನೋಡಿ ಕೇಳಿದ: "ತೋಟ ಎಲ್ಲಿ, ಮೇಸ್ತ್ರಿ?"

ಇಲಾರಿಯೊ ಬಗ್ಗಿ ಗಾಜಿನ ಕಟ್ಟಡಗಳನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದ. "ಯಾರು ಕಡಿದ್ರು?" ಎಂದ, ಮೆಲ್ಲಗೆ. ಬಸ್ಸಿಗೆ ಬಸ್ಸೇ ಇನ್ನೊಮ್ಮೆ ಗೊಳ್ಳೆಂದಿತು. "ಕೋತಾ ಕೋತಾ! ಕೋತಾ ಕೋತಾ! ಮುಂದೆ ಕೋತಾ ಕೋತಾ!" ಎಂದು ಬೆನಿತಾ ಗಂಟಲು ಹರಿಯುವ ಹಾಗೆ ಕೂಗಿದಳು. ಬಸ್ಸು ಹೊರಟಿತು.

ಅವಳು ಸುಮ್ಮನೆ ಕೂತವಳಲ್ಲ. ಡ್ರೈವರುಗಳ ಸಂಘದ ಮುಖ್ಯಸ್ಥನ ಹತ್ತಿರ ಹೋಗಿ, ಇವನಿಗೆ ಮರೆವು, ಗಾಡಿ ಬಿಡಿಸಿ ಎಂದು ಕೈಮುಗಿದಳು. ಅವನು ಹೊಟ್ಟೆ ಕುಣಿಸಿ ನಕ್ಕ. "ಮರೆವು ಯಾರಿಗಿಲ್ಲ ತಾಯಿ? ನಂಗೆ ಹೆಂಡ್ತಿ ಹುಟ್ಟಿದ್ದಿನವೇ ನೆನಪಿರಲ್ಲ, ನನ್ನನ್ನೂ ಸಂಘದಿಂದ ಬಿಡಿಸ್ತೀಯಾ? ನಿನ್ನ ಗಂಡ ಇವತ್ತಿನವರೆಗೆ ಒಂದು ನಾಯೀಗೂ ಗುದ್ದಿಲ್ಲ. ಮನೇಲಿ ಜಗಳ ಆಯ್ತಾ?" ದವಾಖಾನೆಯ ಡಾಕ್ಟರಿಗೆ ತೋರಿಸಿದಳು. ಇವತ್ತು ಯಾವ ವಾರ ಎಂದು ಅವರು ಕೇಳಿದರೆ, "ನಿಮ್ಮ ಹತ್ರ ಕ್ಯಾಲೆಂಡರ್ ಇಲ್ವಾ ಡಾಕ್ಟ್ರೇ, ನಾನೊಂದು ತಂದ್ಕೊಡ್ಲಾ?" ಎಂದು ಇಲಾರಿಯೊ ಅವರನ್ನೇ ನಗಿಸಿಬಿಟ್ಟ. ವಯಸ್ಸಾಯ್ತಲ್ಲಮ್ಮ ಎಂದರು ಡಾಕ್ಟರು. ಕೋಚಬಾಂಬಾದಲ್ಲಿದ್ದ ಮಗಳು ಫೋನಿನಲ್ಲಿ, "ಅಮ್ಮಾ, ಅಪ್ಪನ್ನ ಗಾಡಿ ಮುಟ್ಟೋಕೆ ಬಿಡ್ಬೇಡ," ಎಂದಳು. ಬಿಡಬೇಡ ಎನ್ನುವುದು ಸುಲಭ. ಒಂದು ದಿನ ಬೆನಿತಾ ಬೀಗದ ಕೈ ಬಚ್ಚಿಟ್ಟಳು. ಅವನು ಹಾಸಿಗೆ ಕೊಡವಿದ, ಅಕ್ಕಪಕ್ಕದ ಮನೆಯವರನ್ನೆಲ್ಲ ಕೇಳಿದ, ಎಲ್ಲೋ ಬೀಳಿಸಿಕೊಂಡೆನೆಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಆಮೇಲೆ ಮೆಕ್ಯಾನಿಕ್ಕಿನ ಹತ್ತಿರ ಹೋಗಿ ಇನ್ನೊಂದು ಕೈ ಮಾಡಿಸಿಕೊಂಡು ಬಂದು, ಅವಳಿಗೆ ಹೇಳದೆ ಒಬ್ಬನೇ ಹೊರಟುಬಿಟ್ಟಿದ್ದ. ಸಂಜೆ ಹೊತ್ತಿಗೆ ಯಾರೋ ಡ್ರೈವರು ಅವನನ್ನು ಊರ ಹೊರಗಿನ ದಾರಿಯಲ್ಲಿ ಕಂಡು, ಗಾಡಿ ಸಮೇತ ಮನೆಗೆ ಕರೆತಂದ. ಆಮೇಲೆ ಅವಳು ಬೀಗದ ಕೈ ಬಚ್ಚಿಡಲಿಲ್ಲ. ತಾನು ಬಾಗಿಲಲ್ಲಿದ್ದರೆ ದಾರಿಯಾದರೂ ತಪ್ಪುವುದಿಲ್ಲ ಎಂಬುದೊಂದೇ ಸಮಾಧಾನ.

ಕೊನೆಗೆ ಕೋಕಾ ಎಲೆ ಚೆಲ್ಲಿ ಶಕುನ ನೋಡುವ ಮುದುಕ ದೋನ್ ಸಿಪ್ರಿಯಾನೊನ ಹತ್ತಿರ ಹೋದಳು. ಅವನು ಎಲೆಗಳನ್ನು ಬಟ್ಟೆಯ ಮೇಲೆ ಚೆಲ್ಲಿ ಬಹಳ ಹೊತ್ತು ನೋಡಿದ. "ಇವನ ಜೀವ ಎಲ್ಲೋ ಬಿದ್ದುಹೋಗಿದೆ ಕಣವ್ವ," ಎಂದ. ಹೆದರಿದಾಗ ಜೀವ ಮೈಯಿಂದ ಜಾರಿ ಬೀಳುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮಕ್ಕಳಿಗಂತೂ ವಾರಕ್ಕೊಮ್ಮೆ ಬೀಳುತ್ತದೆ, ತಾಯಂದಿರು ಹೋಗಿ ಕರೆದುಕೊಂಡು ಬರುತ್ತಾರೆ. "ಬಿದ್ದ ಜಾಗಕ್ಕೇ ಹೋಗ್ಬೇಕು. ಇವನ ಟೋಪಿ ಬೀಸಿ, ಹೆಸರು ಹಿಡಿದು ಕರೀಬೇಕು. ಬರತ್ತೆ. ಎಲ್ಲಿ ಬಿತ್ತು?"

"ಗೊತ್ತಿಲ್ವಲ್ಲ, ತಾತ."

"ದಿನಾ ಓಡಾಡೋ ದಾರೀಲೇ ಎಲ್ಲೋ ಇರತ್ತೆ."

ದಾರಿಯೆಂದರೆ ಇಡೀ ಊರು. ಮಾರನೆಯ ದಿನದಿಂದ ಬೆನಿತಾ ಗಂಡನ ಹಳೆಯ ಉಣ್ಣೆ ಟೋಪಿಯನ್ನು ಶಾಲಿನಲ್ಲಿ ಸಿಕ್ಕಿಸಿಕೊಂಡು ಬಂದಳು. ಒಂದೊಂದು ನಿಲ್ದಾಣದಲ್ಲೂ ಬಡಾವಣೆಯ ಹೆಸರನ್ನು ಜೋರಾಗಿ ಕೂಗಿ, ಬಾಗಿಲಿನಿಂದ ಹೊರಕ್ಕೆ ಬಾಗಿ, ಟೋಪಿ ಬೀಸಿ, ಮೆಲುದನಿಯಲ್ಲಿ ಕರೆದಳು: "ಬಾ, ಇಲಾರಿಯೊ. ಇಲ್ಲಿರ್ಬೇಡ. ಮನೆಗೆ ಹೋಗಾಣ ಬಾ." ಹಿಂದಿನ ಕಾರುಗಳಿಗೆ ಕೈ ತೋರಿಸುತ್ತಿದ್ದಾಳೆಂದು ಜನ ತಿಳಿದರು. ಪ್ರಾದೊದಲ್ಲಿ ಕರೆದಳು, ಸಾನ್ ಹೋರ್ಹೆಯಲ್ಲಿ ಕರೆದಳು, ಚಾಸ್ಕಿಪಾಂಪಾದ ಗಾಳಿಯಲ್ಲಿ ಕರೆದಳು. ಕಾಲಾಕೋತೊದಲ್ಲಿ ಎರಡೆರಡು ಸಲ ಕರೆದಳು. ಬಿದ್ದಿದ್ದರೆ ಅಲ್ಲೇ, ಆ ಪೀಚ್ ಮರದ ಕೆಳಗೇ ಬಿದ್ದಿರಬೇಕೆಂದು ಅವಳಿಗೆ ಅನ್ನಿಸುತ್ತಿತ್ತು. ಆದರೆ ಮರವೇ ಇಲ್ಲವಲ್ಲ, ಯಾವ ಬುಡದಲ್ಲಿ ಹುಡುಕುವುದು? ಬಾಗಿಲು ಮುಚ್ಚುವಾಗೆಲ್ಲ ಅವನ ಮುಖ ನೋಡುತ್ತಿದ್ದಳು. ಏನೂ ಬಂದಿರುತ್ತಿರಲಿಲ್ಲ.

ನಮ್ಮೂರಲ್ಲಿ ರಸ್ತೆ ಬಂದ್ ಆಗದ ವಾರವಿಲ್ಲ. ಒಂದು ದಿನ ಪಿಂಚಣಿಯವರು ಪ್ರಾದೊದ ಉದ್ದಕ್ಕೂ ಕುರ್ಚಿ ಹಾಕಿಕೊಂಡು, ಹೆಣಿಗೆ ಹೆಣೆಯುತ್ತ ಕೂತುಬಿಟ್ಟರು. ಪೊಲೀಸಿನವನು ಮಿನಿಬಸ್ಸುಗಳನ್ನೆಲ್ಲ ಮಿರಾಫ್ಲೋರೆಸ್ ಕಡೆಗೆ ತಿರುಗಿಸಿದ. "ಮಿರಾಫ್ಲೋರೆಸ್!" ಎಂದು ಬೆನಿತಾ ಕೂಗಿದಳು. ಪೆರೆಸ್ ಆದಮೇಲೆ ಪ್ರಾದೊ ಬರಬೇಕು. ಈ ಹೆಸರಿಗೆ ಅವನ ಕೈ ತಿರುಗಲಿಲ್ಲ. "ಎಡಕ್ಕೋ, ಎಡಕ್ಕೆ!" ಎಂದು ಕಿರುಚಿದಳು. ಅವನು ಎಡಕ್ಕೆಳೆದ, ಎಳೆದವನು ಗಾಬರಿಯಲ್ಲಿ ಬ್ರೇಕಿನ ಬದಲು ಇನ್ನೊಂದನ್ನು ತುಳಿದ.

ನಮ್ಮ ಕೂಡುರಸ್ತೆಗಳಲ್ಲಿ ಜೀಬ್ರಾ ವೇಷದ ಹುಡುಗ ಹುಡುಗಿಯರು ಕುಣಿಯುತ್ತ ಜನರಿಗೆ ರಸ್ತೆ ದಾಟಿಸುತ್ತಾರೆ. ಅಂಥ ಜೀಬ್ರಾ ಒಂದು ಬಿಳಿಪಟ್ಟೆಗಳ ಮೇಲೆ ಎರಡೂ ಕೈ ಚಾಚಿ ನಿಂತಿತ್ತು. ಕೊನೇ ಗಳಿಗೆಯಲ್ಲಿ ಅವನ ಕಾಲಿಗೆ ಬ್ರೇಕು ಸಿಕ್ಕಿ, ಬಸ್ಸು ಅದರ ಹೊಟ್ಟೆಯನ್ನು ಮುಟ್ಟಿಯೇ ನಿಂತಿತು. ಜೀಬ್ರಾ ಹಿಂದಕ್ಕೆ ಬಿತ್ತು. ತಲೆಯ ಮುಖವಾಡ ಉರುಳಿಹೋಗಿ, ಒಳಗಿನಿಂದ ಹದಿನೇಳರ ಹೆಣ್ಣುಮಗುವಿನ ಮುಖ ಕಾಣಿಸಿತು. ಪೆಟ್ಟೇನೂ ಆಗಿರಲಿಲ್ಲ. ಅವಳು ಅಳುವುದಕ್ಕೂ ಮರೆತು ಬಾಯಿ ತೆರೆದು ಕೂತಿದ್ದಳು. ಬೆನಿತಾ ಹಾರಿ ಇಳಿದು ಅವಳನ್ನು ಅಪ್ಪಿಕೊಂಡಳು. "ಕಣ್ಣು ಕಾಣ್ಸಲ್ವೇನಯ್ಯಾ ನಿಂಗೆ?" ಎಂದು ದಾರಿಯವರು ಬಸ್ಸಿಗೆ ಗುದ್ದಿದರು. ಇಲಾರಿಯೊ ಸ್ಟೇರಿಂಗಿನ ಮೇಲೆ ಕೈಯಿಟ್ಟು ನೆಟ್ಟಗೆ ಮುಂದೆ ನೋಡುತ್ತಿದ್ದ.

ಇನ್ನು ಆಗದು ಎಂದು ಬೆನಿತಾ ನಿಶ್ಚಯ ಮಾಡಿಕೊಂಡಳು. ತನ್ನ ಕೂಗೇ ಈ ಗಾಡಿಯನ್ನು ಓಡಿಸುತ್ತಿದೆ. ಅದೇ ನಿಂತರೆ ದಾರಿ ಗೊತ್ತಿಲ್ಲವೆಂಬುದು ಅವನಿಗೇ ಕಾಣುತ್ತದೆ, ಅವನೇ ಬಿಟ್ಟುಬಿಡುತ್ತಾನೆ. ಬೇರೆ ಯಾರ ಮಾತೂ ಆಗದ್ದು ಇದರಿಂದ ಆಗಬಹುದು. ಅವನ ಮನಸ್ಸು ಮುರಿಯುತ್ತದೆ, ನಿಜ. ಮುರಿದರೆ ಮುರಿಯಲಿ.

ಮಾರನೆಯ ದಿನ ಸಾನ್ ಹೋರ್ಹೆಯ ಕೊನೆಯಲ್ಲಿ, ದಾರಿ ಕವಲೊಡೆಯುವ ಕಡೆ, ಕೆಂಪು ದೀಪಕ್ಕೆ ಬಸ್ಸು ನಿಂತಾಗ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಬಲಕ್ಕೆ ಇಳಿದರೆ ಒಬ್ರಾಹೆಸ್, ಎಡಕ್ಕೆ ಸೇತುವೆ. ಹಸಿರು ಬಿತ್ತು. ಬಸ್ಸು ಕದಲಲಿಲ್ಲ.

"ಮೇಸ್ತ್ರೀ, ಹಸಿರು!" ಎಂದ ಹಿಂದಿನಿಂದ ಒಬ್ಬ.

"ನಿದ್ದೆ ಬಂತೇನೋ ಪಾಪ," ಎಂದಳು ಇನ್ನೊಬ್ಬಳು.

ಹಿಂದೆ ಹಾರನ್ನುಗಳು ಶುರುವಾದವು. ಬೆನಿತಾ ಸರಳನ್ನು ಬಿಗಿಯಾಗಿ ಹಿಡಿದು ತುಟಿ ಕಚ್ಚಿಕೊಂಡಳು. ಇಲಾರಿಯೊ ತಿರುಗಲಿಲ್ಲ. ಮೇಲಿನ ಕನ್ನಡಿಯಲ್ಲಿ ಅವಳನ್ನು ನೋಡಿದ.

"ಕೂಗೇ, ಬೆನಿ."

"ಗಂಟಲು ಕಟ್ಟಿದೆ. ದಾರಿ ನಿಂಗೆ ಗೊತ್ತಲ್ಲ, ಹೋಗು."

"ನಂಗೆ ಗೊತ್ತಿಲ್ಲ ಅಂತ ನಿಂಗೆ ಗೊತ್ತು," ಎಂದ ಅವನು. "ನೀನು ನಂಗೋಸ್ಕರವೇ ಕೂಗ್ತೀಯ ಅಂತ ನಂಗೂ ಗೊತ್ತು ಕಣೇ."

ಅವಳು ಜನರನ್ನು ದಾಟಿಕೊಂಡು ಅವನ ಸೀಟಿನ ಹಿಂದಕ್ಕೆ ಬಂದು ನಿಂತಳು. "ಯಾವಾಗಿಂದ ಗೊತ್ತು?"

"ಅದು ನೆನಪಿದ್ದಿದ್ರೆ ಇನ್ನೇನು ಬೇಕಿತ್ತು?" ನಗಲು ನೋಡಿದ, ಆಗಲಿಲ್ಲ. "ಟೋಪಿ ಬೀಸಿ ಕರೀತೀಯಲ್ಲ, ಅದೂ ಕನ್ನಡೀಲಿ ಕಾಣತ್ತೆ. ಕರೆದಾಗೆಲ್ಲ ಬರಾಣ ಅಂತಲೇ ಅನ್ಸತ್ತೆ. ಎಲ್ಲಿಂದ ಬರ್ಬೇಕು ಅಂತ ತಿಳಿಯಲ್ಲ."

ದೀಪ ಮತ್ತೆ ಕೆಂಪಾಯಿತು. ಬೆನಿತಾ ಅವನ ಹೆಗಲ ಮೇಲೆ ಕೈಯಿಟ್ಟಳು. ಹೇಳಲೇಬೇಕಿತ್ತು, ಹೇಳಿದಳು. "ನಿನ್ನೆ ಒಂದು ಹುಡುಗೀನ ಕೊಂದೇ ಬಿಡ್ತಿದ್ದೆ. ಜೀಬ್ರಾ ವೇಷದ ಮಗು. ಬಸ್ಸು ಅವಳ ಹೊಟ್ಟೆ ಮುಟ್ಟಿತ್ತು."

"ನಾನಾ?"

"ಹೂಂ. ನೀನೇ."

ಮದುವೆಯಾದಂದಿನಿಂದ ನೋಡುತ್ತಿದ್ದ ಮುಖ ಅದು. ಅಷ್ಟು ಮುದಿಯಾಗಿ ಅವಳು ಅದನ್ನು ಎಂದೂ ಕಂಡಿರಲಿಲ್ಲ. ಅವನು ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವು ಬೇರೆ ಯಾರವೋ ಎಂಬಂತೆ ನೋಡಿದ. "ಹಾಗಾದ್ರೆ ಬೇಡ, ಬೆನಿ. ಸಾಕು. ಇವರನ್ನ ಮುಟ್ಟಿಸಿಬಿಟ್ಟು ನಿಲ್ಲಿಸಿಬಿಡಾಣ. ನಾಳೆಯಿಂದ ಗಾಡಿ ಮುಟ್ಟಲ್ಲ. ನಮ್ಮಮ್ಮನ ಆಣೆ."

ವರ್ಷದಿಂದ ಯಾರ ಕಾಲು ಹಿಡಿದರೂ ದೊರಕದ ಮಾತು ತಾನಾಗಿ ಬಂದಿತ್ತು. ಅವಳು ಕಣ್ಣೊರೆಸಿಕೊಂಡು ಬಾಗಿಲಿಗೆ ಹೋಗಿ ಕೂಗಿದಳು. ಬಸ್ಸು ಒಬ್ರಾಹೆಸ್‌ಗೆ ನಯವಾಗಿ ಇಳಿಯಿತು. ಚಾಸ್ಕಿಪಾಂಪಾದಲ್ಲಿ ಕೊನೆಯವರು ಇಳಿದ ಮೇಲೆ ಇಬ್ಬರೂ ಸೀಟಿನಲ್ಲಿ ಕೂತು ಬ್ರೆಡ್ಡು, ಗಿಣ್ಣು ತಿಂದರು. "ಒಳ್ಳೇ ಗಾಡಿ ಇದು," ಎಂದ ಅವನು. "ಒಳ್ಳೇ ಡ್ರೈವರೂ ಇದ್ದ," ಎಂದಳು ಅವಳು. ಇಬ್ಬರೂ ನಕ್ಕರು. ಸಂಜೆ ಮಗಳಿಗೆ ಫೋನು ಮಾಡಿ, ಬಿಟ್ಟುಬಿಟ್ಟ ಕಣೇ, ಅವನೇ ಬಾಯಿಬಿಟ್ಟು ಹೇಳ್ದ ಎಂದಳು. ಮಗಳು ಆ ಕಡೆ ಅತ್ತಳು. ಬೀಗದ ಕೈ ಎಂದಿನಂತೆ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಆಣೆ ಹಾಕಿದ ಗಂಡನಿಂದ ಅದನ್ನು ಬಚ್ಚಿಡಬೇಕೆಂದು ಅವಳಿಗೆ ತೋಚಲೂ ಇಲ್ಲ.

ಬೆಳಿಗ್ಗೆ ಅವಳನ್ನು ಎಬ್ಬಿಸಿದ್ದು ಎಂಜಿನ್ನಿನ ಸದ್ದು. ಅಂಗಳಕ್ಕೆ ಓಡಿಬಂದಳು. ಇಲಾರಿಯೊ ಒದ್ದೆ ಬಟ್ಟೆ ಹಿಡಿದು, ಸಿಳ್ಳೆ ಹಾಕುತ್ತ, ಮುಂದಿನ ಗಾಜಿನ ಮೇಲಿನ ಮಂಜು ಒರೆಸುತ್ತಿದ್ದ.

"ಏನೇ, ಇನ್ನೂ ಜಡೆ ಕೂಡ ಹೆಣ್ಕೊಂಡಿಲ್ಲ? ಜನ ಕಾಯ್ತಿರ್ತಾರೆ."

"ನಿನ್ನೆ ನಂಗೆ ಏನಂದೆ ನೀನು?"

ಅವನು ಒರೆಸುವುದನ್ನು ನಿಲ್ಲಿಸಿ, ಮುಗುಳ್ನಗುತ್ತ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ: "ಏನಂದೆ?"

ಹೇಳಬಹುದಿತ್ತು. ಹೇಳಿದರೆ ಮತ್ತೆ 'ನಾನಾ?' ಎನ್ನುತ್ತಾನೆ, ಮತ್ತೆ ಅದೇ ಮುಖವಾಗುತ್ತದೆ, ಮತ್ತೆ ಆಣೆ ಹಾಕುತ್ತಾನೆ. ನಾಳೆ ಬೆಳಿಗ್ಗೆ ಮತ್ತೆ ಸಿಳ್ಳೆ. ದಿನಾ ಬೆಳಗಾದರೆ ಅವನನ್ನು ಹೀಗೆ ಹೊಸದಾಗಿ ಕೊಲ್ಲುವ ಶಕ್ತಿ ತನಗಿದೆಯೇ ಎಂದು ಬೆನಿತಾ ಒಂದು ಗಳಿಗೆ ಯೋಚಿಸಿದಳು.

"ಏನಿಲ್ಲ," ಎಂದಳು. "ತಡಿ, ಬಂದೆ."